ದನಿಯೊಡನೆ ನಡೆಯುವ ಅಕ್ಷರ

ಓದು ಕಲಿಯುವ ಮಗುವಿನ ಮಗ್ಗುಲಲ್ಲಿ ಕುಳಿತು, ಪುಸ್ತಕದ ಸಾಲಿನ ಕೆಳಗೆ ಬೆರಳನ್ನು ಸರಿಸುತ್ತ ಓದಿ ಹೇಳುವುದು ನಮ್ಮ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಬಹುಕಾಲದಿಂದ ನಡೆದುಬಂದ ಪದ್ಧತಿ. ಈ ಪದ್ಧತಿಗೆ ಒಂದೇ ಒಂದು ನಿಯಮವುಂಟು. ಬಾಯಿಂದ ಹೊರಡುವ ಪದವೂ ಬೆರಳು ತೋರಿಸುವ ಪದವೂ ಒಂದೇ ಆಗಿರಬೇಕು. ಬೆರಳು ಮುಂದೆ ಓಡಿದರೆ ಮಗು ದನಿಯನ್ನು ಕಳೆದುಕೊಳ್ಳುತ್ತದೆ. ಹಿಂದೆ ಉಳಿದರೆ ಅಕ್ಷರವನ್ನು ಕಳೆದುಕೊಳ್ಳುತ್ತದೆ.

ಇಂದು ಮೊಬೈಲಿನ ಅಥವಾ ಗಣಕಯಂತ್ರದ ತೆರೆಯ ಮೇಲೆ ತೆರೆದುಕೊಳ್ಳುವ ಡಿಜಿಟಲ್ ಪುಸ್ತಕಗಳಲ್ಲಿ ಇದೇ ಕೆಲಸವನ್ನು ಯಂತ್ರವು ಮಾಡುತ್ತಿದೆ. ಮುದ್ರಿಸಿಟ್ಟ ಧ್ವನಿಯು ಕಥೆಯನ್ನು ಓದುತ್ತ ಹೋದಂತೆ, ಓದಲಾಗುತ್ತಿರುವ ಪದವು ಬಣ್ಣ ತಳೆಯುತ್ತದೆ. ಮುಂದಿನ ಪದ ಬಂದೊಡನೆ ಆ ಬಣ್ಣವು ಅದಕ್ಕೆ ಸರಿಯುತ್ತದೆ. ನೋಡುವವರಿಗೆ ಇದು ಸುಲಭವಾದ ಚಮತ್ಕಾರವೆಂದು ತೋರಬಹುದು. ಆದರೆ ಪುಸ್ತಕಕ್ಕೆ ಕಿವಿಯಿಲ್ಲ, ಧ್ವನಿಮುದ್ರಣಕ್ಕೆ ಕಣ್ಣಿಲ್ಲ. ಒಂದನ್ನೊಂದು ಅರಿಯದ ಈ ಎರಡನ್ನೂ ಒಂದೇ ಹೆಜ್ಜೆಯಲ್ಲಿ ನಡೆಸುವುದು ಹೇಗೆ? ಅದರಲ್ಲಿಯೂ ಕನ್ನಡದಂತಹ ಲಿಪಿಯಲ್ಲಿ ನಡೆಸುವುದು ಹೇಗೆ? ಈ ಲೇಖನದಲ್ಲಿ ನಾವು ವಿಚಾರಿಸಬೇಕಾದುದು ಇದನ್ನೇ.

ಕಿವಿಯ ಸಾಹಿತ್ಯ, ಕಣ್ಣಿನ ಸಾಹಿತ್ಯ

ಈ ವಿಚಾರಕ್ಕೆ ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆಯಿಂದ ತೊಡಗುವುದು ಉಚಿತ. ಆ ತಾಲ್ಲೂಕಿನ ಅಬಲೂರು ಸರ್ವಜ್ಞನ ಊರೆಂದು ಪ್ರಸಿದ್ಧವಾಗಿದೆ. ನೆರೆಯ ಮಾಸೂರಿನ ಹೆಸರೂ ಅವನ ಕಥೆಯಲ್ಲಿ ಸೇರಿಕೊಂಡಿದೆ. ಸರ್ವಜ್ಞನ ತ್ರಿಪದಿಗಳು ತಾಳೆಗರಿಯ ಪ್ರತಿಗಳಲ್ಲಿ ಇದ್ದವಾದರೂ ಅವು ಹೆಚ್ಚಾಗಿ ಬದುಕಿದ್ದು ಜನರ ನಾಲಗೆಯ ಮೇಲೆ. 1924ರಲ್ಲಿ ಉತ್ತಂಗಿ ಚನ್ನಪ್ಪನವರು ಅವುಗಳನ್ನು ಸಂಗ್ರಹಿಸಿ ಪುಸ್ತಕರೂಪದಲ್ಲಿ ಪ್ರಕಟಿಸಿದರು. ಕಿವಿಯಿಂದ ಕಿವಿಗೆ ಹರಿದುಬಂದ ಸಾಹಿತ್ಯವು ಹೀಗೆ ಕಣ್ಣಿನ ಸಾಹಿತ್ಯವೂ ಆಯಿತು.

ಆದರೆ ಅಚ್ಚಾದ ಪುಸ್ತಕವು ಎಲ್ಲರಿಗೂ ತೆರೆದ ಬಾಗಿಲಲ್ಲ. ನೂರು ತ್ರಿಪದಿಗಳನ್ನು ಕಂಠಪಾಠವಾಗಿ ಹೇಳಬಲ್ಲ ಹಿರಿಯರು ಅದೇ ತ್ರಿಪದಿಯನ್ನು ಪುಟದಲ್ಲಿ ಕಂಡಾಗ ಅಕ್ಷರ ಅಕ್ಷರವಾಗಿ ತಡವರಿಸುವುದುಂಟು. ವರ್ಣಮಾಲೆಯನ್ನು ಪೂರ್ತಿಯಾಗಿ ಕಲಿತ ಮಗುವೂ ಒಂದು ವಾಕ್ಯವನ್ನು ಒಂದೇ ಓಟದಲ್ಲಿ ಓದಲಾರದೆ, ಕೊನೆಯ ಪದಕ್ಕೆ ಬರುವಷ್ಟರಲ್ಲಿ ಮೊದಲ ಪದವನ್ನು ಮರೆತುಬಿಡುವುದುಂಟು. ಇಂತಹವರಲ್ಲಿ ಭಾಷೆ ಇದೆ, ಅಕ್ಷರಜ್ಞಾನವೂ ಇದೆ; ಎರಡನ್ನೂ ಕೂಡಿಸುವ ವೇಗವಿಲ್ಲ. ಗೊತ್ತಿರುವ ದನಿಯು ಗೊತ್ತಿಲ್ಲದ ಅಕ್ಷರದ ಕೈಹಿಡಿದು ನಡೆಸಿದರೆ ಆ ವೇಗವು ಬರಬಹುದು. ದನಿಗೆ ಅಕ್ಷರವನ್ನು ಹೊಂದಿಸುವ ವಿದ್ಯೆಯ ಮಹತ್ತ್ವ ಇರುವುದು ಇಲ್ಲಿಯೇ.

ಕುಣಿಯುವ ಚೆಂಡಿನಿಂದ ಡೇಸಿ ಪುಸ್ತಕದವರೆಗೆ

ಉತ್ತಂಗಿಯವರ ಸಂಗ್ರಹ ಹೊರಬಂದ ಅದೇ 1924ರಲ್ಲಿ, ಅಮೆರಿಕದ ನ್ಯೂಯಾರ್ಕಿನಲ್ಲಿ ಮ್ಯಾಕ್ಸ್ ಫ್ಲೈಷರ್ ಮತ್ತು ಅವರ ಸೋದರರು ಒಂದು ಬಗೆಯ ಹಾಡಿನ ಚಲನಚಿತ್ರಗಳನ್ನು ತಯಾರಿಸತೊಡಗಿದರು. ತೆರೆಯ ಮೇಲೆ ಹಾಡಿನ ಸಾಲು ಕಾಣುತ್ತಿತ್ತು. ಒಂದು ಬಿಳಿಯ ಚೆಂಡು ಪದದಿಂದ ಪದಕ್ಕೆ ಪುಟಿಯುತ್ತ ಹೋಗುತ್ತಿತ್ತು. ಪ್ರೇಕ್ಷಕರು ಚೆಂಡನ್ನು ನೋಡುತ್ತ ಒಟ್ಟಾಗಿ ಹಾಡುತ್ತಿದ್ದರು. ಇಂದಿನ ಬಣ್ಣ ತಳೆಯುವ ಪದಕ್ಕೆ ಆ ಚೆಂಡೇ ಪೂರ್ವಜನೆನ್ನಬಹುದು.

ಇನ್ನೊಂದು ದಾರಿ ಅಂಧರ ಪುಸ್ತಕಾಲಯಗಳಿಂದ ಬಂದಿತು. 1930ರ ದಶಕದಲ್ಲಿ ಅಮೆರಿಕ ಮತ್ತು ಬ್ರಿಟನ್ ದೇಶಗಳಲ್ಲಿ ಗ್ರಾಮಫೋನ್ ತಟ್ಟೆಗಳ ಮೇಲೆ ಪುಸ್ತಕಗಳನ್ನು ಓದಿ ಮುದ್ರಿಸುವ ಕಾರ್ಯ ಆರಂಭವಾಯಿತು. ಮುಂದೆ ಆ ಕೆಲಸಕ್ಕೆ ಕ್ಯಾಸೆಟ್ಟುಗಳು ಬಂದವು. ಇವುಗಳಿಂದ ಮಹದುಪಕಾರವಾಯಿತು, ಆದರೆ ಒಂದು ಕೊರತೆ ಉಳಿಯಿತು. ಮುದ್ರಿತ ಪುಸ್ತಕವುಳ್ಳವನು ನಲವತ್ತನೆಯ ಪುಟವನ್ನು ಒಂದೇ ಕ್ಷಣದಲ್ಲಿ ತೆರೆಯಬಲ್ಲ. ಕ್ಯಾಸೆಟ್ಟುಳ್ಳವನು ನಾಡೆಯನ್ನು ಹಿಂದಕ್ಕೂ ಮುಂದಕ್ಕೂ ಸುತ್ತುತ್ತ ಊಹಿಸಬೇಕಾಗಿತ್ತು. ಪರೀಕ್ಷೆಗೆ ಓದುವ ಅಂಧ ವಿದ್ಯಾರ್ಥಿಯ ಕಷ್ಟವನ್ನು ವಾಚಕರು ತಾವೇ ಊಹಿಸಬಹುದು.

ಈ ಕೊರತೆಯನ್ನು ನೀಗಿಸಲು ಸ್ವೀಡನ್, ಜಪಾನ್, ಬ್ರಿಟನ್ ಮೊದಲಾದ ದೇಶಗಳ ಸಂಸ್ಥೆಗಳು ಕೂಡಿ 1996ರಲ್ಲಿ ಡೇಸಿ ಒಕ್ಕೂಟವನ್ನು ಸ್ಥಾಪಿಸಿದವು. ಪಠ್ಯದ ಪ್ರತಿಯೊಂದು ಭಾಗಕ್ಕೂ ಧ್ವನಿಯ ಯಾವ ಭಾಗ ಸಲ್ಲುತ್ತದೆಂಬುದನ್ನು ಬರೆದಿಡುವುದೇ ಡೇಸಿ ಪುಸ್ತಕದ ತಿರುಳು. ಹೀಗೆ ಬರೆದಿಟ್ಟರೆ ಅಂಧನು ಬೇಕಾದ ಅಧ್ಯಾಯಕ್ಕೆ, ಪುಟಕ್ಕೆ, ವಾಕ್ಯಕ್ಕೆ ನೇರವಾಗಿ ನೆಗೆಯಬಹುದು. ಮಂದದೃಷ್ಟಿಯವನು ಬಣ್ಣ ತಳೆದ ಸಾಲನ್ನು ಅನುಸರಿಸಬಹುದು. ಡಿಸ್ಲೆಕ್ಸಿಯಾ ಉಳ್ಳ ಮಗು ಕೇಳುತ್ತ ಓದಬಹುದು. ಮುಂದೆ 2011ರಲ್ಲಿ ಬಂದ ಇಪಬ್‌ನ ಮೂರನೆಯ ಆವೃತ್ತಿಯು ಇದೇ ಏರ್ಪಾಡನ್ನು ಸಾಮಾನ್ಯ ಡಿಜಿಟಲ್ ಪುಸ್ತಕಗಳಿಗೂ ತಂದಿತು.

ನಮ್ಮ ದೇಶದಲ್ಲಿ ಈ ವಿಚಾರವು ಸಿನಿಮಾ ಹಾಡಿನ ಮೂಲಕ ಜನರ ಬಳಿಗೆ ಹೋದದ್ದು ಸ್ವಾರಸ್ಯಕರ. ಬ್ರಿಜ್ ಕೊಠಾರಿಯವರು 1996ರಲ್ಲಿ ಯೋಚಿಸಿ, ಅಹಮದಾಬಾದಿನಲ್ಲಿ ಬೆಳೆಸಿದ ಯೋಜನೆಯಂತೆ, ಹಾಡು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯ ಅಕ್ಷರಗಳನ್ನು ತೆರೆಯ ಕೆಳಗೆ ತೋರಿಸಿ, ಹಾಡಿದಂತೆಲ್ಲ ಅವುಗಳಿಗೆ ಬಣ್ಣ ಬರುವಂತೆ ಮಾಡಲಾಯಿತು. 1999ರಲ್ಲಿ ಗುಜರಾತಿಯ ‘ಚಿತ್ರಗೀತ’ ಕಾರ್ಯಕ್ರಮದಲ್ಲಿ, 2002ರಲ್ಲಿ ಹಿಂದಿಯ ‘ಚಿತ್ರಹಾರ್’ ಕಾರ್ಯಕ್ರಮದಲ್ಲಿ ಇದು ಬಳಕೆಗೆ ಬಂದು, ಮುಂದೆ ಕನ್ನಡವೂ ಸೇರಿದಂತೆ ಇತರ ಭಾಷೆಗಳಿಗೆ ಹಬ್ಬಿತು. ಹಾಡಿನ ಪದಗಳು ಜನರಿಗೆ ಮೊದಲೇ ಬಾಯಿಪಾಠವಾಗಿರುತ್ತವೆ. ಬರುವ ಪದ ಯಾವುದೆಂದು ಕಿವಿಗೆ ಗೊತ್ತಿರುವುದರಿಂದ ಕಣ್ಣು ಅದನ್ನು ಹುಡುಕಿಕೊಂಡು ಹೋಗುತ್ತದೆ. ಅದೇ ತತ್ತ್ವದ ಮೇಲೆ ರಚಿತವಾದ ಮಕ್ಕಳ ಕಥೆಗಳು ಕನ್ನಡದಲ್ಲಿಯೂ ಇವೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಭಂಡಾರದಲ್ಲಿ ಕೇಳುತ್ತ ಓದುವ ಪುಸ್ತಕಗಳು ದೊರೆಯುತ್ತವೆ.

ಪುಸ್ತಕದೊಳಗಿನ ವೇಳಾಪಟ್ಟಿ

ಈಗ ಯಂತ್ರದ ಒಳಗಣ ಏರ್ಪಾಡನ್ನು ನೋಡೋಣ. ಇಂತಹ ಪುಸ್ತಕದಲ್ಲಿ ಮೂರು ವಸ್ತುಗಳಿರುತ್ತವೆ. ಮೊದಲನೆಯದು ಪಠ್ಯ, ಅದರ ಪ್ರತಿಯೊಂದು ಪದಕ್ಕೆ ಅಥವಾ ವಾಕ್ಯಕ್ಕೆ ಒಂದೊಂದು ಗುರುತಿನ ಹೆಸರನ್ನು ಕೊಟ್ಟಿರುತ್ತಾರೆ. ಎರಡನೆಯದು ಧ್ವನಿಮುದ್ರಣ. ಮೂರನೆಯದು ಇವೆರಡನ್ನೂ ಬೆಸೆಯುವ ವೇಳಾಪಟ್ಟಿ. ರೈಲಿನ ವೇಳಾಪಟ್ಟಿಯಲ್ಲಿ ನಿಲ್ದಾಣದ ಹೆಸರೂ ಬರುವ ಹೊರಡುವ ಸಮಯವೂ ಇರುವಂತೆ, ಇದರಲ್ಲಿ ಪದದ ಗುರುತೂ ಧ್ವನಿಯಲ್ಲಿ ಅದರ ಆರಂಭ ಅಂತ್ಯಗಳ ಸಮಯವೂ ಇರುತ್ತವೆ.

ಈ ಪಟ್ಟಿಯನ್ನು ಬರೆಯುವುದಕ್ಕೆ ‘ಸ್ಮಿಲ್’ ಎಂಬ ಒಂದು ಭಾಷೆಯನ್ನು 1998ರಲ್ಲಿ ರೂಪಿಸಲಾಯಿತು. ಅದರಲ್ಲಿ ಎರಡು ಆಜ್ಞೆಗಳು ಮುಖ್ಯವಾದವು. ‘ಇವು ಜೊತೆಜೊತೆಯಾಗಿ ನಡೆಯಲಿ’ ಎಂಬುದೊಂದು. ‘ಇವು ಒಂದಾದ ಮೇಲೊಂದು ನಡೆಯಲಿ’ ಎಂಬುದು ಇನ್ನೊಂದು. ಒಂದು ಪದವನ್ನೂ ಅದರ ದನಿಯ ತುಣುಕನ್ನೂ ಜೊತೆಯಾಗಿ ಕಟ್ಟಿ, ಅಂತಹ ಜೋಡಿಗಳನ್ನು ಒಂದರ ಹಿಂದೊಂದು ಪೋಣಿಸಿದರೆ ಪುಸ್ತಕವು ಸಿದ್ಧವಾಯಿತು. ನೋಡಿದರೆ ತತ್ತ್ವವು ಇಷ್ಟು ಸರಳ. ಕಷ್ಟವಿರುವುದು ಆ ಸಮಯಗಳನ್ನು ಕಂಡುಹಿಡಿಯುವುದರಲ್ಲಿ.

ಮಾತ್ರೆಯ ಲೆಕ್ಕ

ನಾವೇ ಒಂದು ವಾಕ್ಯವನ್ನು ತೆಗೆದುಕೊಂಡು ಲೆಕ್ಕ ಹಾಕಿ ನೋಡೋಣ: ‘ಹಿರೇಕೆರೂರಿನ ಕೆರೆಯು ಮಳೆಯಿಂದ ತುಂಬಿತು.’ ಇದನ್ನು ಎಳೆಯರಿಗಾಗಿ ನಿಧಾನವಾಗಿ ಓದಲು 4 ಸೆಕೆಂಡು ಹಿಡಿಯಿತೆನ್ನೋಣ. ಯಾವ ಪದ ಯಾವಾಗ ಆರಂಭವಾಯಿತು?

ಛಂದಸ್ಸಿನ ಪಾಠದಲ್ಲಿ ಕಲಿತ ಲಘು ಗುರುಗಳು ಇಲ್ಲಿ ನಮ್ಮ ನೆರವಿಗೆ ಬರುತ್ತವೆ. ಲಘುವಿಗೆ ಒಂದು ಮಾತ್ರೆ. ದೀರ್ಘಾಕ್ಷರಕ್ಕೂ ಅನುಸ್ವಾರವುಳ್ಳ ಅಕ್ಷರಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು ಮಾತ್ರೆ. ಈ ಲೆಕ್ಕದಂತೆ ‘ಹಿರೇಕೆರೂರಿನ’ ಎಂಬುದಕ್ಕೆ 8, ‘ಕೆರೆಯು’ ಎಂಬುದಕ್ಕೆ 3, ‘ಮಳೆಯಿಂದ’ ಎಂಬುದಕ್ಕೆ 5, ‘ತುಂಬಿತು’ ಎಂಬುದಕ್ಕೆ 4, ಒಟ್ಟು 20 ಮಾತ್ರೆಗಳು. 4 ಸೆಕೆಂಡುಗಳನ್ನು 20 ಮಾತ್ರೆಗಳಿಗೆ ಹಂಚಿದರೆ ಮಾತ್ರೆಯೊಂದಕ್ಕೆ 0.2 ಸೆಕೆಂಡು. ಆಗ ನಾಲ್ಕು ಪದಗಳ ಆರಂಭವು ಕ್ರಮವಾಗಿ 0, 1.6, 2.2 ಮತ್ತು 3.2 ಸೆಕೆಂಡುಗಳಿಗೆ ಬರುತ್ತದೆ. ನಮ್ಮ ವೇಳಾಪಟ್ಟಿ ಸಿದ್ಧವಾಯಿತು!

ಆದರೆ ಓದುವವರು ಯಂತ್ರವಲ್ಲ. ‘ಕೆರೆಯು’ ಎಂದು ಹೇಳಿ, 0.6 ಸೆಕೆಂಡು ಉಸಿರು ತೆಗೆದುಕೊಂಡು, ಬಳಿಕ ‘ಮಳೆಯಿಂದ ತುಂಬಿತು’ ಎಂದರೆನ್ನಿ. ಈಗ ಒಟ್ಟು ಕಾಲ 4.6 ಸೆಕೆಂಡು, ಹಂಚಿದರೆ ಮಾತ್ರೆಯೊಂದಕ್ಕೆ 0.23 ಸೆಕೆಂಡು. ನಮ್ಮ ಲೆಕ್ಕದಂತೆ ಎರಡನೆಯ ಪದವು 1.84ನೆಯ ಸೆಕೆಂಡಿಗೆ ಬಣ್ಣ ತಳೆಯುತ್ತದೆ. ನಿಜವಾಗಿ ದನಿ ಅಲ್ಲಿಗೆ ಬಂದದ್ದು 1.6ಕ್ಕೆ. ಮೂರನೆಯ ಪದವು 2.53ಕ್ಕೆ ಬಣ್ಣ ತಳೆಯುತ್ತದೆ. ದನಿ ಬಂದದ್ದು 2.8ಕ್ಕೆ. ಒಂದು ಕಡೆ ಬಣ್ಣವು ಕಾಲು ಸೆಕೆಂಡಿನಷ್ಟು ಹಿಂದೆ, ಇನ್ನೊಂದು ಕಡೆ ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಮುಂದೆ. ನಡುವಣ ಮೌನವನ್ನು ಲೆಕ್ಕವು ಕೇಳಿಸಿಕೊಳ್ಳಲಿಲ್ಲ. ಆದುದರಿಂದ ಲೆಕ್ಕವೊಂದೇ ಸಾಲದು, ಧ್ವನಿಯನ್ನು ಆಲಿಸಲೇಬೇಕು.

ಕೈಯಿಂದ ಗುರುತಿಸುವುದು, ಯಂತ್ರದಿಂದ ಗುರುತಿಸುವುದು

ಆಲಿಸುವ ಮೊದಲ ಉಪಾಯ ತಾಳ ಹಾಕುವಂತಹುದು. ಒಬ್ಬರು ಧ್ವನಿಯನ್ನು ಕೇಳುತ್ತ ಪ್ರತಿಯೊಂದು ಪದ ಬಂದಾಗ ಕೀಲಿಯೊಂದನ್ನು ಒತ್ತುತ್ತಾರೆ. ಗಣಕಯಂತ್ರವು ಆ ಕ್ಷಣವನ್ನು ಬರೆದುಕೊಳ್ಳುತ್ತದೆ. ಅನಿರೀಕ್ಷಿತವಾದ ಸದ್ದನ್ನು ಕೇಳಿ ಬೆರಳು ಅಲುಗುವುದಕ್ಕೆ ಮನುಷ್ಯನಿಗೆ 0.2 ಸೆಕೆಂಡಿನ ಆಸುಪಾಸು ಬೇಕು. ಪಠ್ಯವನ್ನು ಬಲ್ಲವರಿಗೆ ಅದಕ್ಕಿಂತ ಕಡಿಮೆ ಸಾಕು. ಹೇಗಿದ್ದರೂ ಈ ವಿಳಂಬವನ್ನು ಕಳೆದುಬಿಡಬೇಕಾಗುತ್ತದೆ. ಸಣ್ಣ ಕಥೆಗೆ ಈ ಉಪಾಯ ಸಾಕು. ಮುನ್ನೂರು ಪುಟದ ಪಠ್ಯಪುಸ್ತಕಕ್ಕೆ ಬೇಕಾಗುವ ತಾಳ್ಮೆ ಅಪಾರ.

ಎರಡನೆಯ ಉಪಾಯ ಯಂತ್ರದ್ದು. ಅದನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಹಿರೇಕೆರೂರಿನಿಂದ ಅಬಲೂರಿಗೆ ಇಬ್ಬರು ಒಂದೇ ಹಾದಿಯಲ್ಲಿ ನಡೆದರೆನ್ನಿ. ಒಬ್ಬನು ಬಿರುಸಾಗಿ ನಡೆಯುವವನು; ಇನ್ನೊಬ್ಬನು ಅಲ್ಲಲ್ಲಿ ನಿಂತು ಮಾತಾಡುತ್ತ ಹೋಗುವವನು. ಇಬ್ಬರ ಗಡಿಯಾರಗಳನ್ನು ಹೋಲಿಸಿದರೆ ಯಾರು ಯಾವಾಗ ಎಲ್ಲಿದ್ದರೆಂದು ತಿಳಿಯದು. ಆದರೆ ಇಬ್ಬರೂ ಕಂಡ ಗುರುತುಗಳು ಒಂದೇ: ಮೊದಲು ಹುಣಿಸೆಯ ಮರ, ಬಳಿಕ ಹಳ್ಳ, ಬಳಿಕ ಗುಡಿ. ಗುರುತಿಗೆ ಗುರುತನ್ನು ಹೊಂದಿಸಿದರೆ ಇಬ್ಬರ ನಡೆಯೂ ಹೊಂದಿಕೊಳ್ಳುತ್ತದೆ.

ಯಂತ್ರವು ಮಾಡುವುದೂ ಇದನ್ನೇ. ಧ್ವನಿಯ ಅಲೆಯನ್ನು ಅದು ಸೆಕೆಂಡಿಗೆ, ಉದಾಹರಣೆಗೆ, 16,000 ಸಲ ಅಳೆಯುತ್ತದೆ. ಬಳಿಕ 0.01 ಸೆಕೆಂಡಿಗೊಂದರಂತೆ ತುಣುಕುಗಳನ್ನು ಮಾಡಿ, ಪ್ರತಿಯೊಂದು ತುಣುಕಿನಲ್ಲಿ ಯಾವ ಯಾವ ಸ್ವರಾಂಶಗಳು ಎಷ್ಟೆಷ್ಟು ಬಲವಾಗಿವೆಯೆಂಬುದನ್ನು ಕೆಲವು ಸಂಖ್ಯೆಗಳಲ್ಲಿ ಬರೆದುಕೊಳ್ಳುತ್ತದೆ. ನಮ್ಮ 4 ಸೆಕೆಂಡಿನ ವಾಕ್ಯಕ್ಕೆ ಹೀಗೆ 400 ತುಣುಕುಗಳು. ಇತ್ತ ಪಠ್ಯವನ್ನು ಧ್ವನಿಗಳ ಸಾಲಾಗಿ ಒಡೆಯುತ್ತದೆ: ಹ್, ಇ, ರ್, ಏ, ಕ್, ಎ ಎಂದು ಮುಂತಾಗಿ. ಇಡೀ ವಾಕ್ಯದಲ್ಲಿ ಇಂತಹ 34 ಧ್ವನಿಗಳಿವೆ. ಈಗ ಚೌಕಳಿಯ ಹಾಳೆಯೊಂದರಲ್ಲಿ ಅಡ್ಡಲಾಗಿ 400 ಮನೆಗಳನ್ನೂ ಉದ್ದಕ್ಕೆ 34 ಮನೆಗಳನ್ನೂ ಎಳೆದಂತೆ ಭಾವಿಸಿರಿ. ಒಟ್ಟು 13,600 ಮನೆಗಳಾದವು. ಒಂದೊಂದು ಮನೆಯಲ್ಲಿಯೂ ಆ ತುಣುಕು ಆ ಧ್ವನಿಯನ್ನು ಎಷ್ಟರಮಟ್ಟಿಗೆ ಹೋಲುತ್ತದೆಂಬ ಅಂಕವಿದೆ. ಎಡಗಡೆಯ ಕೆಳಮೂಲೆಯಿಂದ ಬಲಗಡೆಯ ಮೇಲ್ಮೂಲೆಗೆ, ಎಂದಿಗೂ ಹಿಂದೆ ಬಾರದೆ, ಅತ್ಯಧಿಕ ಅಂಕವನ್ನು ಗಳಿಸುವ ದಾರಿಯನ್ನು ಹುಡುಕಬೇಕು. ಆ ದಾರಿಯು ಒಂದು ಧ್ವನಿಯ ಮನೆಯಿಂದ ಮುಂದಿನದಕ್ಕೆ ಏರುವ ಸ್ಥಳವೇ ಆ ಧ್ವನಿಯ ಆರಂಭಕಾಲ. ಸಾಧ್ಯವಿರುವ ದಾರಿಗಳೆಲ್ಲವನ್ನೂ ನಡೆದು ನೋಡದೆ ಉತ್ತಮವಾದುದನ್ನು ಆರಿಸುವ ಜಾಣ್ಮೆಯ ಗಣಿತಕ್ರಮವನ್ನು 1967ರಲ್ಲಿ ಆಂಡ್ರ್ಯೂ ವಿಟರ್ಬಿ ಪ್ರಕಟಿಸಿದರು. ಅವರು ಅದನ್ನು ಕಂಡುಕೊಂಡದ್ದು ಸಂದೇಶಗಳನ್ನು ತಪ್ಪಿಲ್ಲದೆ ಬಿಡಿಸುವ ಸಲುವಾಗಿ. ಅದು ಮಕ್ಕಳ ಕಥೆಗೂ ಒದಗಿತು.

ಉಸಿರಿನ ಮೌನಕ್ಕೂ ಒಂದು ಮನೆಯನ್ನು ಇಟ್ಟರೆ, ಹಿಂದಿನ ಲೆಕ್ಕವನ್ನು ಕೆಡಿಸಿದ 0.6 ಸೆಕೆಂಡು ಇಲ್ಲಿ ತನ್ನ ಸ್ಥಾನದಲ್ಲಿ ತಾನೇ ಕುಳಿತುಕೊಳ್ಳುತ್ತದೆ.

ಕನ್ನಡಕ್ಕೇ ಸೇರಿದ ತೊಡಕುಗಳು

ಇಷ್ಟಾದರೂ ಬೇರೊಂದು ಭಾಷೆಗಾಗಿ ಕಟ್ಟಿದ ಯಂತ್ರವನ್ನು ಹಾಗೆಯೇ ತಂದು ಕನ್ನಡಕ್ಕೆ ಹೂಡಲಾಗದು. ಅದಕ್ಕೆ ಕಾರಣಗಳು ನಮ್ಮ ಲಿಪಿಯಲ್ಲಿಯೂ ನುಡಿಯಲ್ಲಿಯೂ ಇವೆ.

ಮೊದಲನೆಯದಾಗಿ, ಕಣ್ಣಿಗೆ ಒಂದಾಗಿ ತೋರುವ ಅಕ್ಷರವು ಗಣಕಯಂತ್ರಕ್ಕೆ ಒಂದಲ್ಲ. ಯೂನಿಕೋಡ್ ಸಂಕೇತದಲ್ಲಿ ವ್ಯಂಜನ, ಸ್ವರಚಿಹ್ನೆ, ವಿರಾಮಚಿಹ್ನೆಯಾದ ಹಲಂತ ಇವೆಲ್ಲ ಬೇರೆ ಬೇರೆ. ‘ಸ್ತ್ರೀ’ ಎಂಬ ಒಂದು ಅಕ್ಷರವು ಆರು ಸಂಕೇತಗಳ ಕೂಟ. ಸಂಕೇತಗಳನ್ನು ಎಣಿಸಿ ಬಣ್ಣ ಹಚ್ಚುವ ಯಂತ್ರವು ಅಕ್ಷರವನ್ನು ನಡುವೆ ಸೀಳಿ, ಒತ್ತನ್ನು ಬೇರೆಯಾಗಿಯೂ ಗುಡಿಸನ್ನು ಬೇರೆಯಾಗಿಯೂ ತೋರಿಸೀತು.

ಎರಡನೆಯದಾಗಿ, ಬರೆಹದ ಕ್ರಮವೂ ಉಚ್ಚಾರದ ಕ್ರಮವೂ ಎಲ್ಲೆಡೆ ಒಂದಾಗಿಲ್ಲ. ‘ಕರ್ನಾಟಕ’ ಎನ್ನುವಾಗ ಕಿವಿಗೆ ಮೊದಲು ಕೇಳುವುದು ರಕಾರ, ಬಳಿಕ ನಾಕಾರ. ಪುಟದಲ್ಲಿ ಮೊದಲು ಕಾಣುವುದು ನಾಕಾರ, ಅದರ ಬಲಗಡೆ ಅರ್ಕಾವತ್ತು. ಎಡದಿಂದ ಬಲಕ್ಕೆ ಬಣ್ಣವನ್ನು ಹರಿಸುತ್ತ ಹೋದರೆ ಕಣ್ಣಿಗೂ ಕಿವಿಗೂ ಜಗಳವಾಗುತ್ತದೆ. ‘ಅಕ್ಕ’ ಎಂಬಲ್ಲಿ ಬರೆಹವು ‘ಅ’ ಮತ್ತು ‘ಕ್ಕ’ ಎಂದು ಒಡೆಯುತ್ತದೆ. ನಾಲಗೆಯು ‘ಅಕ್’ ಮತ್ತು ‘ಕ’ ಎಂದು ಒಡೆಯುತ್ತದೆ. ಆದಕಾರಣ ಕನ್ನಡದಲ್ಲಿ ಬಣ್ಣವನ್ನು ಅಕ್ಷರದ ಒಳಗೆ ಹರಿಯಗೊಡದೆ, ಇಡೀ ಅಕ್ಷರಕ್ಕೆ, ಸಾಧ್ಯವಾದರೆ ಇಡೀ ಪದಕ್ಕೆ, ಒಮ್ಮೆಗೇ ಕೊಡುವುದು ಲೇಸು.

ಮೂರನೆಯದಾಗಿ, ಒಂದೇ ಚಿಹ್ನೆಗೆ ಹಲವು ದನಿಗಳುಂಟು. ನಮ್ಮ ವಾಕ್ಯದ ‘ಮಳೆಯಿಂದ’ ಎಂಬಲ್ಲಿ ಅನುಸ್ವಾರವು ನಕಾರದಂತೆ ಕೇಳುತ್ತದೆ. ‘ತುಂಬಿತು’ ಎಂಬಲ್ಲಿ ಮಕಾರದಂತೆ. ಮುಂದೆ ಬರುವ ವ್ಯಂಜನವನ್ನು ನೋಡಿ ದನಿಯನ್ನು ತೀರ್ಮಾನಿಸುವ ನಿಯಮವನ್ನು ಯಂತ್ರಕ್ಕೆ ಕಲಿಸಬೇಕು.

ನಾಲ್ಕನೆಯದು ಪದದ ಉದ್ದ. ‘ಹಿರೇಕೆರೂರು’ ಎಂಬ ಹೆಸರಿನಲ್ಲಿಯೇ ಹಿರಿದು, ಕೆರೆ, ಊರು ಎಂಬ ಮೂರು ಮಾತುಗಳು ಸೇರಿ ಒಂದಾಗಿವೆ. ‘ಮಾಡಬೇಕಾಗಿರುವುದರಿಂದ’ ಎಂಬಂತಹ ಪದವನ್ನು ಹೇಳುವುದಕ್ಕೆ ಒಂದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಹುದು. ಅಷ್ಟು ಹೊತ್ತು ಇಡೀ ಪದವು ಬಣ್ಣದಲ್ಲಿ ನಿಂತಿದ್ದರೆ ದನಿಯು ಅದರೊಳಗೆ ಎಲ್ಲಿದೆಯೆಂದು ಮಗುವಿಗೆ ತಿಳಿಯದು. ಎಳೆಯರ ಪುಸ್ತಕಗಳಲ್ಲಿ ಇಂತಹ ಪದಗಳನ್ನು ಬಿಡಿಸಿ ಬರೆಯುವುದು ಒಂದು ದಾರಿ. ಅರ್ಥ ಕೆಡದ ಕಡೆ ಪದವನ್ನು ಎರಡು ಮೂರು ತುಂಡುಗಳಾಗಿ ಗುರುತಿಸಿ ಬಣ್ಣ ಕೊಡುವುದು ಇನ್ನೊಂದು.

ಐದನೆಯದು ಆಡುನುಡಿ. ಪುಸ್ತಕದಲ್ಲಿ ‘ಬರುತ್ತಾನೆ’ ಎಂದಿದ್ದರೆ, ಹಾವೇರಿ ಧಾರವಾಡಗಳ ಕಡೆಯ ಓದುಗರ ಬಾಯಲ್ಲಿ ಅದು ಸಹಜವಾಗಿ ‘ಬರ್ತಾನ’ ಎಂದಾದೀತು. ಪಠ್ಯದಲ್ಲಿರುವ ಧ್ವನಿಗಳು ಮುದ್ರಣದಲ್ಲಿ ಇಲ್ಲದೆ ಯಂತ್ರವು ಗುರುತು ತಪ್ಪುತ್ತದೆ. ಮಗುವೂ ಕಂಡದ್ದೊಂದು ಕೇಳಿದ್ದೊಂದು ಎಂದು ಗಲಿಬಿಲಿಗೊಳ್ಳುತ್ತದೆ. ಓದುವವರು ಬರೆದದ್ದನ್ನೇ ಓದಬೇಕು, ಇಲ್ಲವೆ ಊರಿನ ಮಾತನ್ನೇ ಅಚ್ಚಿನಲ್ಲಿ ಬರೆಯಬೇಕು. ಎರಡೂ ಗೌರವದ ದಾರಿಗಳೇ. ಬೆರಕೆ ಮಾತ್ರ ಸಲ್ಲದು.

ಕೊನೆಯದು ಹಾಡಿನ ತೊಡಕು. ತ್ರಿಪದಿಯನ್ನು ಜನಪದರು ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮತ್ತೊಮ್ಮೆ ಎತ್ತಿಕೊಳ್ಳುವ ರೂಢಿಯಿದೆ. ಪುಟದಲ್ಲಿ ಒಮ್ಮೆ ಇರುವುದು ದನಿಯಲ್ಲಿ ಎರಡು ಸಲ ಬರುತ್ತದೆ. ಎಂದಿಗೂ ಹಿಂದೆ ಬಾರದ ದಾರಿಯನ್ನು ಹುಡುಕುವ ಯಂತ್ರವು ಇಲ್ಲಿ ಸೋಲುತ್ತದೆ. ಹಾಡಿದ ಕ್ರಮದಲ್ಲಿಯೇ ಪಠ್ಯವನ್ನು ಬರೆದು ಯಂತ್ರಕ್ಕೆ ಒಪ್ಪಿಸಿ, ಬಳಿಕ ವೇಳಾಪಟ್ಟಿಯಲ್ಲಿ ಅದೇ ಸಾಲಿನ ಗುರುತನ್ನು ಎರಡು ಸಲ ಸೇರಿಸಬೇಕಾಗುತ್ತದೆ.

ಎಷ್ಟು ನಿಖರತೆ ಬೇಕು?

ಕೆರೆಯ ಆಚೆ ದಡದಲ್ಲಿ ಒಬ್ಬರು ಬಟ್ಟೆಯನ್ನು ಕಲ್ಲಿಗೆ ಬಡಿಯುವುದನ್ನು ನೋಡಿದರೆ, ಬಡಿತ ಕಂಡ ಸ್ವಲ್ಪ ಹೊತ್ತಿನ ಮೇಲೆ ಸದ್ದು ಕೇಳುತ್ತದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದರಿಂದ 170 ಮೀಟರು ದೂರದ ಸದ್ದು ಅರ್ಧ ಸೆಕೆಂಡು ತಡವಾಗುತ್ತದೆ. ಕಂಡ ಬಳಿಕ ಕೇಳುವುದು ನಿಸರ್ಗಕ್ಕೆ ಒಪ್ಪಿದ ಕ್ರಮ; ಕಾಣುವ ಮೊದಲೇ ಕೇಳುವುದು ಒಪ್ಪದ ಕ್ರಮ. ದೂರದರ್ಶನದ ಚಿತ್ರ ಮತ್ತು ಧ್ವನಿಗಳ ವಿಷಯದಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1998ರಲ್ಲಿ ನೀಡಿದ ಶಿಫಾರಸು ಇದಕ್ಕೆ ಹೊಂದುತ್ತದೆ: ಧ್ವನಿಯು 0.045 ಸೆಕೆಂಡಿನಷ್ಟು ಮುಂದಾದರೇ ನೋಡುಗರಿಗೆ ತಿಳಿದುಬಿಡುತ್ತದೆ; ಹಿಂದಾದರೆ 0.125 ಸೆಕೆಂಡಿನವರೆಗೆ ತಿಳಿಯದು.

ಆ ಅಂಕೆಗಳು ಮಾತಾಡುವ ಮುಖವನ್ನು ನೋಡುವುದಕ್ಕೆ ಸಂಬಂಧಿಸಿದವು. ಓದಿನಲ್ಲಿಯೂ ದಿಕ್ಕು ಅದೇ. ಗಟ್ಟಿಯಾಗಿ ಓದುವವನ ಕಣ್ಣು ಯಾವಾಗಲೂ ಅವನ ದನಿಗಿಂತ ಸ್ವಲ್ಪ ಮುಂದಿರುತ್ತದೆಂಬುದನ್ನು 1920ರಷ್ಟು ಹಿಂದೆಯೇ ಅಮೆರಿಕದ ಗೈ ಬಸ್ವೆಲ್ ಎಂಬವರು ಪ್ರಯೋಗಗಳಿಂದ ವಿವರಿಸಿದ್ದರು. ಕಣ್ಣು ಸಾಲಿನ ಮೇಲೆ ಜಾರುತ್ತ ಹೋಗುವುದಿಲ್ಲ. ನೆಗೆದು ನಿಲ್ಲುತ್ತದೆ, ಮತ್ತೆ ನೆಗೆಯುತ್ತದೆ. ಒಂದೊಂದು ನಿಲುಗಡೆಗೆ ಕಾಲು ಸೆಕೆಂಡಿನಷ್ಟು ಕಾಲ ಸಾಮಾನ್ಯ. ಆದುದರಿಂದ ಬಣ್ಣವು ದನಿಗಿಂತ ಕೂದಲೆಳೆಯಷ್ಟು ಮೊದಲೇ ಬಂದರೆ ಕಣ್ಣಿಗೆ ಅನುಕೂಲ; ಕಾಲು ಸೆಕೆಂಡು ತಡವಾಗಿ ಬಂದರೆ, ಮುಂದೆ ಹೋಗಿದ್ದ ಕಣ್ಣನ್ನು ಅದು ಹಿಂದಕ್ಕೆ ಎಳೆಯುತ್ತದೆ.

ಸಣ್ಣ ತಪ್ಪು ಬೆಳೆಯದಂತೆಯೂ ನೋಡಿಕೊಳ್ಳಬೇಕು. ನೂರಕ್ಕೆ ಒಂದರಷ್ಟು ತಪ್ಪಿದ ಲೆಕ್ಕವು ಹತ್ತು ನಿಮಿಷದ ಓದಿನ ಕೊನೆಗೆ 6 ಸೆಕೆಂಡು ದೂರ ಹೋಗಿರುತ್ತದೆ. ಅಷ್ಟರಲ್ಲಿ ಒಂದು ವಾಕ್ಯವೇ ಕಳೆದುಹೋಯಿತು. ಇದಕ್ಕಾಗಿಯೇ ಪ್ರತಿಯೊಂದು ವಾಕ್ಯದ ಆರಂಭವನ್ನು ಧ್ವನಿಯಲ್ಲಿ ಹೊಸದಾಗಿ ಕಟ್ಟಿಹಾಕುತ್ತಾರೆ. ಆಗ ಒಂದು ವಾಕ್ಯದ ತಪ್ಪು ಮುಂದಿನದಕ್ಕೆ ದಾಟದು.

ಉಳಿದಿರುವ ಕೆಲಸ

ಮುದ್ರಿತ ಪುಸ್ತಕವನ್ನು ಓದಲಾರದವರಿಗೆ ಓದುವ ಹಕ್ಕನ್ನು ಕಾನೂನು ಒಪ್ಪಿಕೊಂಡಿದೆ. 2012ರಲ್ಲಿ ತಿದ್ದುಪಡಿಯಾದ ನಮ್ಮ ಕೃತಿಸ್ವಾಮ್ಯ ಶಾಸನವು ಅಂಗವಿಕಲರಿಗಾಗಿ ಪುಸ್ತಕಗಳನ್ನು ಅನುಕೂಲ ರೂಪಕ್ಕೆ ತರಲು ಅವಕಾಶ ಕೊಟ್ಟಿತು; ಇದೇ ಉದ್ದೇಶದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ಭಾರತ. 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಅಂತರ್ಜಾಲ ಗ್ರಂಥಭಂಡಾರವು ಆರಂಭವಾಯಿತು. ಬೆಂಗಳೂರಿನ ಮಿತ್ರಜ್ಯೋತಿಯಂತಹ ಸಂಸ್ಥೆಗಳು ಮಾತಾಡುವ ಪುಸ್ತಕಗಳನ್ನು ಸಿದ್ಧಪಡಿಸುತ್ತ ಬಂದಿವೆ. ಅಚ್ಚಾದ ಕನ್ನಡ ಪುಟವನ್ನು ಗಣಕಯಂತ್ರದ ಪಠ್ಯವಾಗಿ ಪರಿವರ್ತಿಸಲು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಲಿಪಿ ಜ್ಞಾನಿ’ ಎಂಬ ತಂತ್ರಾಂಶವನ್ನು ರಚಿಸಲಾಗಿದೆ. ಉಪಕರಣಗಳು ಇವೆ, ಆದರೆ ಯಂತ್ರವು ಮಾಡಿದ ವೇಳಾಪಟ್ಟಿಯನ್ನು ಕೊನೆಗೆ ಕನ್ನಡ ಬಲ್ಲ ಕಿವಿಯೇ ಪರೀಕ್ಷಿಸಬೇಕು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬಣ್ಣವು ಅಲಂಕಾರವಾಗಬಾರದು. ದನಿಯು ಹೇಗೂ ಕಥೆಯನ್ನು ಹೇಳುತ್ತದೆಂದು ಮಗು ಕಣ್ಣನ್ನು ಚಿತ್ರದ ಮೇಲಿಟ್ಟು ಕುಳಿತರೆ ಓದು ಬೆಳೆಯದು. ಒಂದು ಪುಟವನ್ನು ಮೊದಲು ಕೇಳುತ್ತ ಓದಿಸಬೇಕು; ಬಳಿಕ ದನಿಯೊಡನೆ ತಾನೂ ಓದುವಂತೆ ಮಾಡಬೇಕು; ಕೊನೆಗೆ ದನಿಯನ್ನು ನಿಲ್ಲಿಸಿ ಓದಿಸಬೇಕು. ಈಜು ಕಲಿಸುವವರು ಬೆನ್ನಿಗೆ ಕಟ್ಟಿದ ಬುರುಡೆಯನ್ನು ಒಂದು ದಿನ ಬಿಚ್ಚುತ್ತಾರಲ್ಲವೆ? ಹಾಗೆಯೇ ಇದೂ. ಬಣ್ಣವನ್ನು ಗುರುತಿಸಲಾರದವರಿಗಾಗಿ ಪದದ ಕೆಳಗೆ ಗೆರೆಯನ್ನೂ ಎಳೆಯುವುದು ಒಳ್ಳೆಯದು.

ವಿದ್ಯಾರ್ಥಿಗಳು ಈ ವಿದ್ಯೆಯನ್ನು ಕೈಯಾರೆ ಪರೀಕ್ಷಿಸಬಹುದು. ನಿಮ್ಮ ಊರಿನ ಬಗ್ಗೆ ಹತ್ತು ವಾಕ್ಯಗಳನ್ನು ಬರೆದು, ಮೊಬೈಲಿನಲ್ಲಿ ಓದಿ ಮುದ್ರಿಸಿರಿ. ಪ್ರತಿಯೊಂದು ಪದದ ಮಾತ್ರೆಗಳನ್ನು ಎಣಿಸಿ ಆರಂಭಕಾಲವನ್ನು ಲೆಕ್ಕಹಾಕಿರಿ. ಬಳಿಕ ಬೆಲೆಯಿಲ್ಲದೆ ದೊರೆಯುವ ‘ಅಡಾಸಿಟಿ’ ಎಂಬ ತಂತ್ರಾಂಶದಲ್ಲಿ ಆ ಧ್ವನಿಯನ್ನು ತೆರೆದು, ಅಲೆಯ ಚಿತ್ರವನ್ನು ನೋಡುತ್ತ, ಕೇಳುತ್ತ, ಪದಗಳ ನಿಜವಾದ ಆರಂಭವನ್ನು ಗುರುತಿಸಿರಿ. ಲೆಕ್ಕವೂ ದನಿಯೂ ಎಲ್ಲಿ ಬೇರೆಯಾದವು? ಉಸಿರಿನಲ್ಲಿಯೆ, ಒತ್ತಕ್ಷರದಲ್ಲಿಯೆ, ವಾಕ್ಯದ ಕೊನೆಯ ಎಳೆತದಲ್ಲಿಯೆ? ಉತ್ತರವನ್ನು ಬರೆದಿಡಿರಿ. ಆ ಬಳಿಕ ನಿಮ್ಮ ಮನೆಯ ಅಥವಾ ನೆರೆಯ ಹಿರಿಯರೊಬ್ಬರು ಬಾಯಿಪಾಠವಾಗಿ ಬಲ್ಲ ಹಾಡೊಂದನ್ನು ಮುದ್ರಿಸಿ ಅದಕ್ಕೂ ವೇಳಾಪಟ್ಟಿಯನ್ನು ಮಾಡಿರಿ. ಹಾಡನ್ನು ಬಲ್ಲ ಆ ಹಿರಿಯರೇ ಅದರ ಅಕ್ಷರಗಳನ್ನು ಮೊದಲ ಸಲ ಗುರುತಿಸಿದರೆ, ನಿಮ್ಮ ಲೆಕ್ಕವು ಸರಿಯಾಗಿತ್ತೆಂಬುದಕ್ಕೆ ಅದಕ್ಕಿಂತ ಉತ್ತಮವಾದ ಪ್ರಮಾಣ ಬೇಕಾಗದು.